ಮಾವನ ಮನೆಯ ಬಂದೂಕು ಮತ್ತು ನನ್ನ ಬಿ.ಎಸ್ಸಿ.

ಗೊತ್ತಿಲ್ಲದ ವಸ್ತುವನ್ನು ಗುರುತಿಸುವುದರಲ್ಲಿ ಇಡೀ ಅಫಜಲಪುರ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ! ಹೀಗೆಂದು ನಾನು ಬಹಳ ಕಾಲ ನಂಬಿದ್ದೆ. ಬಿ.ಎಸ್ಸಿ. ಪರೀಕ್ಷೆಯಲ್ಲಿ ಕೊಟ್ಟ ಹೆಸರಿಲ್ಲದ ಲವಣವನ್ನು ಬಣ್ಣ, ವಾಸನೆ, ಕರಗುವ ಗುಣ ನೋಡಿ ಹೆಸರಿಟ್ಟು ಕರೆದವನು ನಾನು. ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದೆ. ಮನೆಯಲ್ಲಿ ಪಲ್ಯವನ್ನೂ ಮೊದಲು ಪರೀಕ್ಷಿಸಿ ಆಮೇಲೆ ಉಣ್ಣುತ್ತಿದ್ದೆ.

“ಉಪ್ಪು ಕಮ್ಮಿ ಆಗ್ಯದ ಅಂತ ಹೇಳಾಕ ಇಷ್ಟು ಹೊತ್ತು ಬೇಕೇನ್ರಿ?” ಎನ್ನುತ್ತಿದ್ದಳು ನನ್ನ ಹೆಂಡತಿ ಗುರುಶಾಂತಮ್ಮ.

ಹೀಗಿರುವಾಗ ಎಂಬತ್ತೊಂಬತ್ತರ ಚುನಾವಣೆ ಬಂತು. ಲೈಸನ್ಸ್ ಇದ್ದವರೆಲ್ಲ ತಮ್ಮ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕಾಯಿತು. ಕರಜಗಿಯಿಂದ ನನ್ನ ಮಾವ ದೌಲತರಾಯರು ಹೇಳಿ ಕಳಿಸಿದರು: ಅಳಿಯಂದಿರು ಕೂಡಲೇ ಬರಬೇಕು. ನಾವಿಬ್ಬರೂ ಮೊದಲ ಬಸ್ಸಿಗೇ ಹೋದೆವು.

ಸಂಗತಿ ಇಷ್ಟು. ಮಾವನ ಚಿಕ್ಕಪ್ಪ, ನಾಗಣ್ಣ ಕಾಕಾ, ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ತಂದ ಬಂದೂಕೊಂದು ಮನೆಯ ಗೋಡೆಯ ಮೇಲಿತ್ತು. ಕಾಕಾ ತೀರಿಕೊಂಡ ಮೇಲೆ ಅದನ್ನು ಯಾರೂ ಹಾರಿಸಿರಲಿಲ್ಲ. ಮಹಾನವಮಿಗೆ ಇಳಿಸಿ, ಎಣ್ಣೆ ಸವರಿ, ವಿಭೂತಿ ಹಚ್ಚಿ, ಬನ್ನಿ ಏರಿಸಿ, ಕೈಮುಗಿದು, ಮತ್ತೆ ಗೋಡೆಗೆ ತೂಗುಹಾಕುವುದು. ಅದು ಬಂದೂಕಾಗಿ ಹುಟ್ಟಿ ದೇವರಾಗಿ ಬಾಳುತ್ತಿತ್ತು! ಈಗ ಠಾಣೆಯ ಜಮಾದಾರರು ಎರಡು ಮಾತು ಹೇಳಿದ್ದರು. ಬಂದೂಕು ಯಾವ ನಮೂನೆಯದೆಂದು ತಿಳಿಸಬೇಕು, ಖಾಲಿ ಮಾಡಿ ತರಬೇಕು. ಸಂಜೆಯೊಳಗೆ ತರದಿದ್ದರೆ ಮಾವನ ಮೇಲೆ ಕೇಸು.

“ಖಾಲಿ ಅದನೋ ತುಂಬ್ಯದನೋ ಯಾರಿಗೆ ಗೊತ್ತದ್ರಿ? ಕಾಕಾ ಒಂದು ಮಾತು ಹೇಳದ ಹೋಗಿಬಿಟ್ಟ,” ಎಂದರು ಮಾವ, ಬಾಗಿಲ ಹೊರಗೆ ನಿಂತು.

“ಒಳಗ ಬರ್ರಿ ಮಾವಾರ. ವಿಜ್ಞಾನ ಇರೋದು ಯಾತಕ್ಕ?” ಎಂದೆ.

ನಮ್ಮ ಸೀಮೆಯ ಬಂದೂಕುಗಳೆಲ್ಲ ನಡು ಬಗ್ಗಿಸಿ ತುಂಬುವ ಜೋಡಿನಳಿಕೆಯವು. ಗೋಡೆಯಿಂದ ಇಳಿಸಿ ನೋಡಿದರೆ ಇದರ ನಡು ಬಗ್ಗಲಿಲ್ಲ. ನಳಿಕೆ ಎರಡಿದ್ದವು, ಆದರೆ ಒಂದರ ಕೆಳಗೊಂದು. ಕೆಳಗಿನದಕ್ಕೆ ಬಾಯಿಯೇ ಇರಲಿಲ್ಲ.

ಪರೀಕ್ಷೆ ಶುರುವಾಗುವ ಮೊದಲೇ ಒಂದು ತೊಡಕು ಎದುರಾಯಿತು. ಬಂದೂಕಿನ ಬಾಯಿಯನ್ನು ಯಾವ ಕಡೆ ತಿರುಗಿಸಿ ಇಡುವುದು? ಮೂಡಣಕ್ಕೆ ಇಟ್ಟೆ.

“ಆ ಕಡಿ ಅವ್ವ ರೊಟ್ಟಿ ಬಡಿಯಾಕತ್ಯಾಳ್ರಿ!” ಎಂದು ಕೂಗಿದಳು ಗುರುಶಾಂತಮ್ಮ.

ಪಡುವಣಕ್ಕೆ ತಿರುಗಿಸಿದೆ. ಪಕ್ಕದ ಮನೆಯ ಹಜರಾಬಿ ಗೋಡೆಯಾಚೆಯಿಂದ, “ಮಾಸ್ತರ, ಈ ಗೋಡಿ ಬರೇ ಮಣ್ಣಿಂದು, ನೆನಪಿರಲ್ರಿ!” ಎಂದಳು. ಬಡಗಣಕ್ಕೆ ಎಮ್ಮೆ. ತೆಂಕಣಕ್ಕೆ ಮಾವ. ಅವರು ಆಗಲೇ ಕಂಬದ ಹಿಂದೆ ಕಂಬದಷ್ಟೇ ತೆಳ್ಳಗಾಗಿ ನಿಂತಿದ್ದರು! ಕೊನೆಗೆ ಜೋಳದ ಚೀಲಕ್ಕೆ ಬಾಯಿ ಒತ್ತಿ ಮಲಗಿಸಿದೆ.

ಕೆಳನಳಿಕೆಯ ಮೇಲೆ ಗೀರುಗಳಿದ್ದ ಮರದ ಹಿಡಿಯೊಂದಿತ್ತು. ಮುಟ್ಟಿದರೆ ಲಟಲಟ ಅಲುಗಾಡಿತು.

“ಸಡಿಲಾಗ್ಯದ,” ಎಂದು ತೀರ್ಪು ಕೊಟ್ಟು, ಸುತಳಿ ತಂದು ಅದನ್ನು ಬಿಗಿಯಾಗಿ ಕಟ್ಟಿದೆ.

ಗುರುಶಾಂತಮ್ಮ ಬಗ್ಗಿ ನೋಡಿದಳು. “ರೀ, ಇಲ್ಲಿ ಕಬ್ಬಿಣ ಸವೆದದ ನೋಡ್ರಿ. ಹಿಂದ ಮುಂದ ಸರಿದ ಗುರುತದು. ಸರಿಯೋದನ್ನ ನೀವು ಕಟ್ಟಿ ಹಾಕೀರಿ.”

“ಅದನ್ನೇ ನಾನೂ ಹೇಳಬೇಕಂತಿದ್ದೆ,” ಎಂದು ಸುತಳಿ ಬಿಚ್ಚಿದೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಣ್ಣು ಮುಚ್ಚಿ ಹಿಡಿಯನ್ನು ಹಿಂದಕ್ಕೆಳೆದೆ.

ಖಟಕ್!

ಯಾರೂ ಸಾಯಲಿಲ್ಲ. ಕಣ್ಣು ತೆರೆದೆ. ಬಂದೂಕಿನ ಮಗ್ಗುಲಲ್ಲಿ ಒಂದು ಕಿಂಡಿ ತೆರೆದಿತ್ತು. ಏನೂ ಹೊರಬೀಳಲಿಲ್ಲ. ಆ ಕಿಂಡಿಯಿಂದ ಟಾರ್ಚ್ ಹಿಡಿದು ಮೇಲಿನ ನಳಿಕೆಯೊಳಗೆ ನೋಡಿದೆ. ಖಾಲಿ! ಇನ್ನುಳಿದದ್ದು ಕೆಳನಳಿಕೆ. ಬಾಯಿಯಿಲ್ಲದ ನಳಿಕೆಯಿಂದ ಗುಂಡು ಹೊರಬರುವುದು ಅಸಾಧ್ಯ. ಆದ್ದರಿಂದ ಅದರೊಳಗೆ ಗುಂಡು ಇರುವುದೂ ಅಸಾಧ್ಯ. ತರ್ಕ ಎಂದರೆ ಇದು! ಹಿಡಿಯನ್ನು ಮುಂದಕ್ಕೆ ದೂಡಿದೆ. ಖಟಾಕ್! ಕಿಂಡಿ ಮುಚ್ಚಿತು. ಅಷ್ಟೇ ಅಲ್ಲ, ಹಿಡಿಯ ಅಲುಗಾಟವೂ ನಿಂತು ಗಟ್ಟಿಯಾಗಿ ಕೂತಿತು. ದುರಸ್ತಿಯೂ ಆಯಿತು!

“ಖಾಲಿ ಅದ! ಬೇಕಾದ್ರ ಕುದುರಿ ಎಳೆದು ತೋರಿಸ್ತೇನಿ,” ಎಂದು ಟ್ರಿಗರಿನ ಮೇಲೆ ಬೆರಳು ಇಟ್ಟೆ.

ಗುರುಶಾಂತಮ್ಮ ನನ್ನ ಮಣಿಕಟ್ಟು ಹಿಡಿದಳು. “ಖಾಲಿ ಅದ ಅಂದಮ್ಯಾಲ ಯಾಕ ಎಳೀತೀರಿ?”

ಬೆರಳು ತೆಗೆದೆ.

ಬಂದೂಕನ್ನು ಹೊದೆಯುವ ಕೌದಿಯಲ್ಲಿ ಸುತ್ತಿ, ನಾನೂ ಮಾವನೂ ಅಫಜಲಪುರದ ಬಸ್ಸು ಹತ್ತಿದೆವು. ಬುಡ ಕೆಳಗೆ, ಬಾಯಿ ಮೇಲೆ, ನಮ್ಮಿಬ್ಬರ ನಡುವೆ ನಿಲ್ಲಿಸಿಕೊಂಡೆ. ಖಾಲಿ ಎಂದು ಖಾತ್ರಿಯಾದ ಮೇಲೆ ಮಾವನ ಭಯವೆಲ್ಲ ಕರಗಿತ್ತು. ಬಸ್ಸು ಗುಂಡಿಯಿಂದ ಗುಂಡಿಗೆ ಜಿಗಿಯುತ್ತಿದ್ದರೂ ಅವರು ಕೌದಿಯ ತುದಿಗೆ ಕೆನ್ನೆ ಆನಿಸಿ ಸುಖವಾಗಿ ಗೊರಕೆ ಹೊಡೆದರು. ನಾನು ದಾರಿಯುದ್ದಕ್ಕೂ ಕುದುರೆಯ ಹತ್ತಿರ ತಾಳ ಹಾಕುತ್ತಾ ಕೂತಿದ್ದೆ.

ಠಾಣೆಯಲ್ಲಿ ಜಮಾದಾರ ಜಹೀರುದ್ದೀನರು ಕೌದಿ ಬಿಚ್ಚಿದರು.

“ಖಾಲಿ ಅದೇನ್ರಿ ಮಾಸ್ತರ್ ಸಾಬ್?”

“ಪೂರಾ ಖಾಲಿ. ಒಂಟಿನಳಿಕೆ, ಕೆಳಗಿಂದು ಬರೇ ಶೋಕಿಗೆ. ಈ ಹಿಡಿ ಲಟಲಟ ಅನ್ನಾಕತ್ತಿತ್ತು. ಒಮ್ಮಿ ಎಳೆದು ದೂಡಿದೆ, ಗಟ್ಟಿ ಆತು.”

ಜಮಾದಾರರ ಕೈ ಅಲ್ಲೇ ನಿಂತಿತು. “ಎಳೆದು ದೂಡಿದ ಮ್ಯಾಲ ಗಟ್ಟಿ ಆತು?”

“ಹೌದ್ರಿ.”

“ಕುದುರಿ ಎಳೆದೀರೇನು?”

“ಎಳೀಬೇಕಂದಿದ್ದೆ. ಮನಿಯಾಕಿ ಬ್ಯಾಡ ಅಂದ್ಲು.”

“ಅಲ್ಲಾ ಆಕೀನ ಚಲೋ ಇಟ್ಟಿರಲಿ!” ಎನ್ನುತ್ತ ಅವರು ಬಂದೂಕನ್ನು ಹಾವು ಹಿಡಿದಂತೆ ಹಿಡಿದು ಅಂಗಳಕ್ಕೆ ನಡೆದರು. “ಎಲ್ಲಾರೂ ಹಿಂದ ಸರೀರಿ! ಮಾಸ್ತರ್, ನೀವು ಇನ್ನೂ ಹಿಂದ!”

ಮರಳಿನ ಗುಡ್ಡೆಗೆ ಗುರಿಯಿಟ್ಟು, ಕುದುರೆಯ ಬಳಿಯ ಸಣ್ಣ ಗುಂಡಿಯೊಂದನ್ನು ಒತ್ತಿ, ಹಿಡಿಯನ್ನು ಹಿಂದಕ್ಕೆಳೆದರು. ಗುಂಡು ತುಂಬಿದ ಹಿತ್ತಾಳೆಯ ದಪ್ಪ ತೋಟಾ ಒಂದು ಕಿಂಡಿಯಿಂದ ಚಿಮ್ಮಿ ನನ್ನ ಕಾಲ ಬಳಿ ಬಿತ್ತು. ಮತ್ತೆ ಎಳೆದರು. ಮತ್ತೊಂದು! ಮತ್ತೆ ಎಳೆದರು. ಇನ್ನೊಂದು!

“ಇಷ್ಟೂ ಎಲ್ಲಿದ್ವು?” ಎಂದೆ.

“ನೀವು ಶೋಕಿಗೆ ಅಂದ್ರಲ್ಲ, ಆ ಕೆಳಗಿನ ನಳಿಕ್ಯಾಗ. ಇದು ಪಂಪ್ ಬಂದೂಕ. ಹಿಡಿ ಎಳೆದು ದೂಡಿದ್ರ ಕೆಳಗಿನ ತೋಟಾ ಮ್ಯಾಲಿನ ನಳಿಕಿಗಿ ಏರಿ ಹಾರಾಕ ತಯಾರಾಗ್ತದ.” ಜಮಾದಾರರು ಹಣೆಯ ಬೆವರೊರೆಸಿಕೊಂಡರು. “ಇಷ್ಟು ವರ್ಷ ಇದರ ಮ್ಯಾಲಿನ ನಳಿಕಿ ಖಾಲೀನೇ ಇತ್ತು, ಮಾಸ್ತರ್ ಸಾಬ್. ಇವತ್ತು ತುಂಬಿದವರು ನೀವು.”

ಮಾವ ಮೆಲ್ಲನೆ ತಮ್ಮ ಕೆನ್ನೆ ಮುಟ್ಟಿ ನೋಡಿಕೊಂಡರು. ಅದು ಇತ್ತು.

ಮರಳುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಮಾವ ಡ್ರೈವರನ ಹಿಂದೆ ಹೋಗಿ ಕೂತರು. ಮನೆ ಮುಟ್ಟಿದಾಗ ಗುರುಶಾಂತಮ್ಮ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು.

“ಅಪ್ಪಾ, ಒಪ್ಪಿಸಿ ಬಂದ್ರೇನು? ಯಾವ ನಮೂನಿ ಅಂತ ತಿಳೀತೇನು?”

ಮಾವ ನೀರು ಕುಡಿದು, ಮೀಸೆ ಒರೆಸಿಕೊಂಡು, ನನ್ನನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದರು.

“ಬಂದೂಕಿಂದು ತಿಳೀತವ್ವಾ. ಅಳಿಯಂದು ಯಾವ ನಮೂನಿ ಅಂತ ಇನ್ನ ತಿಳೀವಲ್ದು!”