ಅಂಬಾಸಿಡರಿನ ಪೆಟ್ರೋಲ್ ಪೈಪು

"ಆ ಕಾರಿಗೇ ತಾಳಿ ಕಟ್ಟಬೇಕಾಗಿತ್ತು ನೀವು! ನನಗ್ಯಾಕೆ ಕಟ್ಟಿದ್ರಿ?"

ರಂಜಿತ ತನ್ನ ರೇಷ್ಮೆ ಸೀರೆಯನ್ನು ಗಂಡನ ಮೂಗಿಗೆ ಹಿಡಿದಳು. ಕಾರಿನ ಹಿಂದಿನ ಸೀಟಿನಲ್ಲಿಟ್ಟಿದ್ದ ಸೀರೆ ಪೆಟ್ರೋಲ್ ಬಂಕಿನಂತೆ ನಾರುತ್ತಿತ್ತು.

"ಹಳೇ ಪೈಪು ತುಕ್ಕು ಹಿಡಿದು ಸೋರ್ತಿದೆ ಕಣೇ. ಹೊಸದು ತಂದಿದ್ದೀನಲ್ಲ, ಹಾಕ್ತೀನಿ" ಎಂದ ಬೀರೇಶ.

"ತಂದ್ಮೇಲೆ ಯುಗಾದಿ ಆಯ್ತು, ಗೌರಿಹಬ್ಬಾನೂ ಆಯ್ತು. ನಾಳೆ ನಮ್ಮಣ್ಣನ ಗೃಹಪ್ರವೇಶ. ಇವತ್ತು ಸಾಯಂಕಾಲದೊಳಗೆ ನನ್ನನ್ನ ಆವತಿಗೆ ಕರ್ಕೊಂಡು ಹೋದ್ರೆ ಸರಿ. ಇಲ್ದಿದ್ರೆ ಒಬ್ಬಳೇ ಹೋಗ್ತೀನಿ. ಆಮೇಲೆ ಈ ಹೊಸಿಲು ತುಳಿಯಲ್ಲ!"

ರಂಜಿತಳ ಮಾತೆಂದರೆ ಹಸಿ ಸಿಮೆಂಟಿನ ಮೇಲೆ ನಾಯಿ ಇಟ್ಟ ಹೆಜ್ಜೆ. ಒಣಗಿದ ಮೇಲೆ ಯಾರಪ್ಪ ಬಂದರೂ ಅಳಿಸಲಾಗದು.

ಬೀರೇಶ ಕಾರಿನಡಿ ತೂರಿ ಹಳೇ ಪೈಪು ಎಳೆದ. ಅದು ಮೂರು ತುಂಡಾಗಿ ಕೈಗೆ ಬಂತು. ಹೊಸ ಪೈಪು ಚಕ್ಕುಲಿಯಂತೆ ಸುತ್ತಿಕೊಂಡಿತ್ತು. ಮೊದಲು ಅದನ್ನು ನೆಟ್ಟಗೆ ಮಾಡಬೇಕು, ಆಮೇಲೆ ಹಳೆಯದರಂತೆ ಬಗ್ಗಿಸಬೇಕು. ಅಂಗಳದಲ್ಲಿ ಸುತ್ತಿಗೆ ಎತ್ತಿದ್ದೇ ತಡ, ಪಕ್ಕದ ಮನೆಯ ಅಪ್ಪಯ್ಯಣ್ಣ ಕಾಂಪೌಂಡ್ ಹತ್ತಿರ ಪ್ರತ್ಯಕ್ಷನಾದ. ರಿಟೈರಾದ ಬಸ್ ಡ್ರೈವರು. ಬಸ್ಸು ಬಿಟ್ಟಿದ್ದರೂ ಊರನ್ನು ಓಡಿಸುವುದು ಬಿಟ್ಟಿರಲಿಲ್ಲ.

"ಲೇ, ಸುತ್ತಿಗೆ ಇಡೋ! ಹಲಗೆ ಕೆಳಗಿಟ್ಟು ಚಪಾತಿ ಲಟ್ಟಿಸ್ದಂಗೆ ಉಜ್ಜು."

ಪೈಪು ನೆಟ್ಟಗಾಯಿತು. ಅಷ್ಟರಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ನರೇಶ ಬಂದ.

"ಬಗ್ಸೋದು ನನಗೆ ಬಿಡು ಗುರು. ಎಂತೆಂಥಾ ಪೈಪು ಮಣಿಸಿದ್ದೀನಿ, ಇದ್ಯಾವ ಲೆಕ್ಕ?" ಎಂದವನೇ ಮೊಣಕಾಲಿಗೆ ಒತ್ತಿ ಎಳೆದ. ಪೈಪು ನುಗ್ಗೆಕಾಯಿಯಂತೆ ಲಟಕ್ಕೆಂದು ಮಡಚಿಕೊಂಡಿತು.

"ಅಯ್ಯೋ ಮಂಕೇ! ಮಡಚಿದ ಕಡೆ ಪೆಟ್ರೋಲ್ ಹೋಗುತ್ತೇನೋ?" ಎಂದು ಅಪ್ಪಯ್ಯಣ್ಣ ಗದರಿದ.

ಪುಣ್ಯಕ್ಕೆ ಪೈಪು ಉದ್ದವಿತ್ತು. ಆ ಭಾಗ ಕತ್ತರಿಸಿ ಎಸೆದರು. ಎದುರುಮನೆ ವರಲಕ್ಷ್ಮಮ್ಮ ಜರಡಿ ಹಿಡಿದು ಬಂದಳು. "ಸಣ್ಣ ಮರಳು ತುಂಬಿ ಬಗ್ಸ್ರೋ, ಮಡಚಲ್ಲ." ಮರಳು ತುಂಬಿ, ಎರಡೂ ಬಾಯಿಗೆ ಬಟ್ಟೆ ಗಿಡಿದು, ಅವಳ ಮನೆಯ ಒನಕೆಗೇ ಸುತ್ತಿ ಬಗ್ಗಿಸಿದರು. ಹಳೆಯ ತುಂಡುಗಳನ್ನು ನೆಲದ ಮೇಲೆ ಜೋಡಿಸಿ ಅವುಗಳಂತೆಯೇ ಬಾಗು ಕೊಟ್ಟರು. ಕಾರಿನಡಿ ಹಿಡಿದು ನೋಡಿದರೆ ಪೈಪಿನ ಬಾಯಿ ಎಂಜಿನ್ನಿನ ಪಂಪನ್ನು ಬಿಟ್ಟು ಚಕ್ರದ ಕಡೆ ಹಲ್ಲು ಕಿರಿಯುತ್ತಿತ್ತು. ನಡುವಿನ ತುಂಡನ್ನು ಅಪ್ಪಯ್ಯಣ್ಣ ತಿರುಗಾಮುರುಗಾ ಜೋಡಿಸಿದ್ದ.

ಮತ್ತೆ ನೆಟ್ಟಗೆ ಮಾಡು. ಮತ್ತೆ ಬಗ್ಗಿಸು. ಆವತಿ ಕಡೆಯ ಬಸ್ಸು ಹಾರನ್ ಹೊಡೆದು ಹೋಯಿತು. ರಂಜಿತ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದಳು. ಅವಳು ಬೈದಿದ್ದರೆ ಬೀರೇಶನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹೊತ್ತು ಇಳಿಯುವ ವೇಳೆಗೆ ಮರಳು ಊದಿ, ಪೈಪು ಕೂರಿಸಿ ಕೀಲಿ ತಿರುಗಿಸಿದ. ಕಾರು ಕೆಮ್ಮಿತು, ನಡುಗಿತು, ಸ್ಟಾರ್ಟಾಯಿತು!

ಬೀರೇಶ ಕೆಳಗಿಳಿದು ಹೆಂಡತಿಯ ಬ್ಯಾಗಿಗೆ ಕೈಹಾಕುವಷ್ಟರಲ್ಲಿ ಮುಂದಿನ ಸೀಟಿನಲ್ಲಿ ಅಪ್ಪಯ್ಯಣ್ಣ ಕುಳಿತಾಗಿತ್ತು. "ಟ್ರಯಲ್ ನೋಡ್ದೆ ಕಳಿಸ್ತೀನಾ?" ಹಿಂದೆ ಸ್ಪ್ಯಾನರ್ ಸಮೇತ ನರೇಶ. ಅವನ ಪಕ್ಕ, ಮಿಕ್ಕ ಜಾಗವೆಲ್ಲ ತುಂಬುವಂತೆ, ಎರಡು ಕುಂಬಳಕಾಯಿಯೊಂದಿಗೆ ವರಲಕ್ಷ್ಮಮ್ಮ. "ಇಲ್ಲೇ ದಾರೀಲಿ, ವಿಜಯಪುರದಲ್ಲಿ ಮಗಳ ಮನೆ ಹತ್ರ ಇಳಿಸ್ಬಿಡಪ್ಪಾ."

ಬೆಳಗಿನಿಂದ ದುಡಿದವರನ್ನು ಇಳಿಯಿರಿ ಎನ್ನಲು ಬೀರೇಶನಿಗೆ ನಾಲಿಗೆ ಬರಲಿಲ್ಲ. ಹೆಂಡತಿಗೆ ಹೇಳಲು ಬಂತು.

"ಪಾಪ, ಎಲ್ಲಾ ಕಷ್ಟಪಟ್ಟವ್ರೆ ಕಣೇ. ನೀನು ಮುಂದಿನ ಬಸ್ಸಿಗೆ ಬಂದ್ಬಿಡು."

ರಂಜಿತ ಬ್ಯಾಗು ಎತ್ತಿಕೊಂಡು ಜಗಲಿ ಇಳಿದಳು.

"ಲೇ, ಚಕ್ರಕ್ಕೆ ನಿಂಬೆಹಣ್ಣು ಇಡ್ದೆ ಹೊರಡ್ತೀಯೇನೋ?" ಎಂದು ಅಪ್ಪಯ್ಯಣ್ಣ ಧಡಕ್ಕನೆ ಇಳಿದ. ಎಲ್ಲರೂ ಇಳಿದರು. ಮುಂದಿನ ಎರಡು ಚಕ್ರಕ್ಕೆ ಇಟ್ಟ ಮೇಲೆ, ಅಷ್ಟು ಸಾಕೋ ನಾಲ್ಕಕ್ಕೂ ಬೇಕೋ ಎಂದು ಜಗಳ ಹತ್ತಿತು. ಅಷ್ಟರಲ್ಲಿ ಕಾರಿನ ಬಾಗಿಲು ಧಡ್ ಎಂದಿತು. ಸ್ಟೇರಿಂಗ್ ಹಿಂದೆ ರಂಜಿತ!

"ಏಯ್, ನಿನಗೆ ಓಡಿಸೋಕೆ ಬರುತ್ತೇನೇ?"

"ಮದುವೆಗೆ ಮುಂಚೆ ನಮ್ಮಪ್ಪನ ದ್ರಾಕ್ಷಿ ಟೆಂಪೋ ಮಾರ್ಕೆಟ್ಟಿಗೆ ಓಡಿಸ್ತಿದ್ದೋಳು ನಾನೇ. ಇಷ್ಟು ವರ್ಷದಲ್ಲಿ ಒಂದಿನ ಕೇಳಿದ್ರಾ?"

ನಿಂಬೆಹಣ್ಣು ಪಚಕ್ಕೆಂದವು. ಕಾರು ಗೇಟು ದಾಟಿತು.

"ಹೆದರಬೇಡ ಕಣೋ, ನೀನು ಮಾಡಿದ ರಿಪೇರಿ ಯಾವತ್ತು ಬಾಳಿಕೆ ಬಂದದೆ? ಕೆರೆ ಏರಿ ಹತ್ರ ಕೈಕೊಡುತ್ತೆ" ಎಂದ ಅಪ್ಪಯ್ಯಣ್ಣ. ಬೀರೇಶ ಮನೆದೇವರಿಗೆ ಅದನ್ನೇ ಬೇಡುತ್ತ ಓಡಿದ. ಏರಿಯ ಮೇಲೆ ಕಾರಿರಲಿಲ್ಲ. ಅದರಾಚೆಯ ರಸ್ತೆಯೂ ಖಾಲಿ.

ಹಿಂದೆಯೇ ಓಡಿ ಬಂದ ನರೇಶ ಬಗ್ಗಿ, ಟಾರು ರಸ್ತೆಯನ್ನು ಮೂಸಿ, ಖುಷಿಯಿಂದ ಎದ್ದು ಬೀರೇಶನ ಬೆನ್ನು ತಟ್ಟಿದ.

"ಒಂದು ತೊಟ್ಟೂ ಸೋರಿಲ್ಲ ಗುರು! ಏನ್ ಕೆಲಸ ಮಾಡಿದ್ದೀಯ!"