ಗುಳ್ಳಕ್ಕೆ ಕಾವು ಕೊಟ್ಟ ಹೇಂಟೆ

ಗೊತ್ತಿರುವುದನ್ನು ಹೇಳಿಕೊಳ್ಳದೆ ಸುಮ್ಮನಿರುವುದು ನನ್ನಿಂದಾಗುವ ಕೆಲಸವಲ್ಲ. ಎಪ್ಪತ್ತರ ದಶಕದಲ್ಲಿ ಉಡುಪಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗ, ಪಿಟ್ಯುಟರಿ ಗ್ರಂಥಿಯ ಪಾಠ ಬಂತೆಂದರೆ ಇಸ್ತ್ರಿ ಮಾಡಿದ ಅಂಗಿಯನ್ನೇ ಹಾಕಿಕೊಂಡು ಹೋಗುತ್ತಿದ್ದೆ. ಮೆದುಳಿನ ಅಡಿಯಲ್ಲಿ ಇಷ್ಟೇ ಇಷ್ಟು ಗ್ರಂಥಿ. ಅದು ಒಸರುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಕ್ತದಲ್ಲಿ ಏರಿತೆಂದರೆ, ಅಂಗಳವೆಲ್ಲ ಕೆದಕುತ್ತಿದ್ದ ಹೇಂಟೆ ಮೊಟ್ಟೆ ಇಡುವುದನ್ನು ಬಿಟ್ಟು ಕಾವಿಗೆ ಕೂರುತ್ತದೆ. ಇಷ್ಟು ಹೇಳಲು ನನಗೆ ಎರಡು ಪೀರಿಯಡ್ ಬೇಕಾಗುತ್ತಿತ್ತು.

ಆ ವರ್ಷ ಪಾಠ ನಡೆಯುತ್ತಿದ್ದಾಗಲೇ ಕಾಪುವಿನ ನಮ್ಮ ಮನೆಯ ಹೇಂಟೆ ಕಾವಿಗೆ ಕೂತಿತು. ಮೊಟ್ಟೆ ನಿಂತಿತೆಂದು ಹೆಂಡತಿ ಲೀಲಾ ಗೊಣಗಿದಳು. "ಹೊಟ್ಟೆಯ ಅಡಿಗೆ ಮೊಟ್ಟೆ ತಾಗದಿದ್ದರೆ ಪ್ರೊಲ್ಯಾಕ್ಟಿನ್ ತಾನಾಗಿಯೇ ಇಳಿಯುತ್ತದೆ" ಎಂದು ಮೊಟ್ಟೆಗಳನ್ನೆಲ್ಲ ತೆಗೆದೆ. ಸಾಲದ್ದಕ್ಕೆ, ಸೋಮವಾರದೊಳಗೆ ಅದರ ಕಾವು ಬಿಡಿಸುತ್ತೇನೆಂದು ತರಗತಿಯಲ್ಲಿ ಮಾತು ಕೊಟ್ಟು ಬಂದೆ. ಹೇಂಟೆ ಎದ್ದದ್ದೇನೋ ನಿಜ. ಎದ್ದು ನೇರ ಅಡುಗೆಮನೆಗೆ ಹೋಗಿ, ಪಕ್ಕದ ಮಟ್ಟು ಊರಿನಿಂದ ತಂದಿಟ್ಟಿದ್ದ ಗುಳ್ಳಬದನೆಯ ಬುಟ್ಟಿಯಲ್ಲಿ ಕೂತಿತು. ಬದನೆಕಾಯಿಯನ್ನು ಮೊಟ್ಟೆ ಎಂದು ನಂಬಿಸುವ ಹಾರ್ಮೋನು! ನನಗೆ ಅಭಿಮಾನ ಉಕ್ಕಿ ಬಂತು. "ಹಾಗಾದ್ರೆ ಇವತ್ತು ನಿಮ್ಮ ಅಭಿಮಾನದ್ದೇ ಸಾಂಬಾರು ಮಾಡ್ಲಾ?" ಎಂದು ಲೀಲಾ ಕೇಳಿದಳು.

ಭಾನುವಾರ ಮಧ್ಯಾಹ್ನ ಕಾವು ಬಿಡಿಸಲು ಹೇಂಟೆಯನ್ನು ತಣ್ಣೀರಿನಲ್ಲಿ ಅದ್ದುವುದೆಂದು ಬಕೆಟ್ ತುಂಬಿಸುತ್ತಿದ್ದೆ. ಪಕ್ಕದ ಮನೆಯ ಬೀಪಾತುಮ್ಮ ಏದುಸಿರು ಬಿಡುತ್ತ ಬಂದರು. "ಮಾಸ್ಟ್ರೇ, ನನ್ನ ಹೇಂಟೆಯನ್ನು ಮುಂಗುಸಿ ಕೊಂಡುಹೋಯ್ತು. ಹತ್ತು ಮೊಟ್ಟೆ ಉಂಟು, ಎರಡು ವಾರದ ಕಾವು ಆಗಿದೆ. ಬಿಸಿಲಿಗೆ ಹಿಡಿದ್ರೆ ಒಳಗೆ ಮರಿ ಕಾಣ್ತದೆ. ತಣ್ಣಗಾಗ್ತಾ ಉಂಟು ಮಾಸ್ಟ್ರೇ, ನಿಮ್ಮದನ್ನು ಕೊಡ್ತೀರಾ?"

ಕೊಟ್ಟರೆ ಮರುದಿನ ಇಡೀ ತರಗತಿಯ ಮುಂದೆ ನನ್ನ ಮಾನ ಹರಾಜು. ಕೊಡದಿದ್ದರೆ ಹತ್ತು ಮರಿ ಮೊಟ್ಟೆಯೊಳಗೇ ಸಾಯುತ್ತವೆ. ಹೇಳಲು ನಾಚಿಕೆಯಾಗುತ್ತದೆ, ಒಂದು ಕ್ಷಣ ಯೋಚಿಸಿದೆ. "ಎಂತ ನೋಡ್ತಾ ನಿಂತದ್ದು ಮಾರಾಯ್ರೆ!" ಎಂದು ಲೀಲಾ ಗದರಿದ ಮೇಲೆ ಹೇಂಟೆಯನ್ನು ಬುಟ್ಟಿ ಸಮೇತ ಎತ್ತಿಕೊಂಡು ಓಡಿದೆ. ಒಂದು ಗುಳ್ಳ ಹೊರಗೆ, ಒಂದು ಮೊಟ್ಟೆ ಒಳಗೆ. ಹೀಗೆ ಹತ್ತನ್ನೂ ಸೇರಿಸಿದೆ. ಮಹಾರಾಯಿತಿ ಅಲುಗಾಡಲಿಲ್ಲ. "ಹೊಟ್ಟೆಯ ಅಡಿ ಖಾಲಿಯಾಗದಂತೆ ಬದಲಿಸಿದರೆ ಮೆದುಳಿಗೆ ಗೊತ್ತಾಗುವುದಿಲ್ಲ" ಎಂದು ವಿವರಿಸಿದೆ. "ಹೌದು, ನನ್ನ ಉಮ್ಮ ಕೂಡ ಹೀಗೇ ಮಾಡ್ತಾ ಇದ್ದದ್ದು" ಎಂದರು ಬೀಪಾತುಮ್ಮ.

ಸೋಮವಾರ ವಿದ್ಯಾರ್ಥಿಗಳು "ಕಾವು ಬಿಟ್ಟಿತಾ ಸರ್?" ಎಂದು ಕೇಳಿದರು, ಇಲ್ಲ ಎಂದದ್ದಕ್ಕೆ ಮನಸಾರೆ ನಕ್ಕರು. ಸಹಿಸಿಕೊಂಡೆ. ಮುಂದಿನ ವಾರ ಒಂಬತ್ತು ಮರಿಗಳು ಹೊರಬಂದವು. ಎಣಿಸೋಣವೆಂದು ಕೈ ಚಾಚಿದರೆ, ಎರಡು ವರ್ಷ ನನ್ನ ಕೈಯಿಂದಲೇ ಅಕ್ಕಿ ತಿಂದ ಹೇಂಟೆ ರಕ್ತ ಬರುವಂತೆ ಬೆರಳನ್ನು ಕುಕ್ಕಿತು. ಬೀಪಾತುಮ್ಮ ಗಾಬರಿಯಾದರು. ನನಗೋ ಹೆಮ್ಮೆ ಹೇಳತೀರದು. ಮರುದಿನ ಬ್ಯಾಂಡೇಜು ಕಟ್ಟಿದ ಬೆರಳನ್ನು ತರಗತಿಯ ಮುಂದೆ ಎತ್ತಿ ಹಿಡಿದು "ಪ್ರೊಲ್ಯಾಕ್ಟಿನ್!" ಎಂದೆ. ಈ ಸಲ ಯಾರೂ ನಗಲಿಲ್ಲ. ಹಿಂದಿನ ಬೆಂಚಿನವರು ಎದ್ದು ನಿಂತು ನೋಡಿದರು. ಗಾಯ ಎರಡೇ ದಿನದಲ್ಲಿ ವಾಸಿಯಾಯಿತು. ಇನ್ನೊಂದು ಸೆಕ್ಷನ್ನಿಗೆ ಅದೇ ಪಾಠ ಬಾಕಿ ಇದ್ದುದರಿಂದ ಬ್ಯಾಂಡೇಜನ್ನು ಮಾತ್ರ ಆ ವಾರವಿಡೀ ಬಿಚ್ಚಲಿಲ್ಲ.