ಐದು ಮಿಲಿಮೀಟರ್ ಹೊಟ್ಟೆಕಿಚ್ಚು

ಇಷ್ಟಕ್ಕೆಲ್ಲ ಕಾರಣ ಒಂದು ಟಕ್ ಟಕ್ ಸದ್ದು.

ಎರಡು ತಿಂಗಳ ಹಿಂದೆ, ಕನ್ನಡಕದಂಗಡಿಯವನ ಷಡ್ಡಕ ತನ್ನ ಸೈಕಲ್ಲಿನ ಹೊಸ ಚಕ್ರವನ್ನು ಎತ್ತಿ ಹಿಡಿದು, ಕಪ್ಪಗೆ ಹೊಳೆಯುವ ಅದರ ರಿಮ್ಮನ್ನು ಉಗುರಿನಿಂದ ತಟ್ಟಿ, "ಕೇಳಿಸ್ತೇನಪ್ಪಾ? ಕಾರ್ಬನ್ನು. ಒಳಗೆ ಟ್ಯೂಬೂ ಇಲ್ಲ," ಅಂದಿದ್ದ. ಷಡ್ಡಕ ಹಲ್ಲಿನ ಡಾಕ್ಟರ್. ತಟ್ಟಿ ನೋಡುವುದು ಅವನಿಗೆ ಅಭ್ಯಾಸ. ಆದರೆ ಆ ಸದ್ದು ಕನ್ನಡಕದವನ ಎದೆಯೊಳಗೆ ಹೋಗಿ ಕೂತಿದ್ದು ಎದ್ದು ಬರಲೇ ಇಲ್ಲ. ಗಿರಾಕಿ ಗೋಡೆಯ ಅಕ್ಷರ ಓದುತ್ತಿದ್ದರೂ ಟಕ್ ಟಕ್, ಊಟಕ್ಕೆ ಕೂತರೂ ಟಕ್ ಟಕ್.

ಇಬ್ಬರಿಗೂ ಕೆಸರು ರೇಸಿನ ಹುಚ್ಚು. ಡಾಂಬರು ರಸ್ತೆ ಬಿಟ್ಟು ಹುಲ್ಲು, ಜಲ್ಲಿ, ಕೆಸರಿನಲ್ಲಿ ಸೈಕಲ್ ಹೊಡೆಯಬೇಕು. ಮೆಟ್ಟಿಲು ಬಂದರೆ ಸೈಕಲ್ಲನ್ನೇ ಹೆಗಲಿಗೇರಿಸಿ ಓಡಬೇಕು. ವರ್ಷಕ್ಕೊಂದು ರೇಸು. ಕಳೆದ ಮೂರು ವರ್ಷವೂ ಡಾಕ್ಟರ್ ಮುಂದೆ, ಕನ್ನಡಕದವ ಹಿಂದೆ. ಡಾಕ್ಟರ್ ಗೆರೆ ದಾಟಿದಾಗ ಅತ್ತೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಕನ್ನಡಕದವ ದಾಟುವ ಹೊತ್ತಿಗೆ ಎಲ್ಲರೂ ಬೆನ್ನು ತಿರುಗಿಸಿ ಕಾಫಿ ಕುಡಿಯುತ್ತಿದ್ದರು. "ಓ, ಬಂದ್ರಾ?" ಅನ್ನುತ್ತಿದ್ದಳು ಹೆಂಡತಿ, ಪೇಟೆಯಿಂದ ತರಕಾರಿ ತಂದವನನ್ನು ಕೇಳುವ ಹಾಗೆ. ಅವನಿಗೆ ಟ್ರೋಫಿ ಬೇಕಿರಲಿಲ್ಲ, ಪದಕ ಬೇಕಿರಲಿಲ್ಲ. ಒಂದೇ ಒಂದು ಸಲ ಅತ್ತೆ ತನಗಾಗಿ ಎದ್ದು ನಿಲ್ಲಬೇಕು, ಷಡ್ಡಕ ಅದನ್ನು ನೋಡಬೇಕು, ಅಷ್ಟೇ.

ಹಾಗಾಗಿ ಡಾಕ್ಟರ ಮನೆಗೆ ಹೋದಾಗಲೆಲ್ಲ, "ಕೈ ತೊಳ್ಕೊಂಡು ಬರ್ತೀನಿ," ಎಂದು ಹಿಂದಿನ ವರಾಂಡಕ್ಕೆ ಹೋಗಿ, ಗಾಜು ಅಳೆಯುವ ಮಾಪಕದಿಂದ ಆ ರಿಮ್ಮನ್ನು ಅಳೆದ. ಎತ್ತರ ಮೂವತ್ತೈದು ಮಿಲಿಮೀಟರ್, ಒಳ ಅಗಲ ಇಪ್ಪತ್ತಮೂರು. ಎಷ್ಟು ಕಡ್ಡಿ, ಅಚ್ಚಿನ ಅಳತೆ ಏನು, ಎಲ್ಲ ಬರೆದುಕೊಂಡ. ಆಮೇಲೆ ಸೈಕಲ್ ಮೇಸ್ತ್ರಿಯ ಹತ್ತಿರ ಹೋಗಿ, "ಇದೇ ತರದ್ದು, ಆದ್ರೆ ರಿಮ್ಮಿನ ಎತ್ತರ, ಅಗಲ ಎರಡೂ ಐದು ಮಿಲಿಮೀಟರ್ ಜಾಸ್ತಿ ಇರ್ಬೇಕು. ಟೈರೂ ಅದಕ್ಕೆ ತಕ್ಕ ಹಾಗೆ ದಪ್ಪ," ಅಂದ.

"ಸೈಕಲ್ ತನ್ನಿ ಸಾರ್, ಒಂದ್ಸಲ ನೋಡೋಣ."

"ಸೈಕಲ್ ಯಾಕೆ? ಅಳತೆ ಇದೆಯಲ್ಲ."

ಅಂಗಡಿಗೆ ಹೊಸ ಯಂತ್ರ ತರಬೇಕೆಂದು ಎತ್ತಿಟ್ಟಿದ್ದ ದುಡ್ಡೆಲ್ಲ ಆ ಎರಡು ಕರಿ ಬಳೆಗಳಿಗೆ ಹೋಯಿತು. ಹೆಂಡತಿ ರೇಗಬಹುದೆಂದು ಹೆದರಿದ್ದ. ಅವಳು ರೇಗಲಿಲ್ಲ. ಅವನನ್ನೇ ನೋಡಿ ಒಂದು ತರಹ ನಕ್ಕಳು. ಅದರಿಂದ ಅವನಿಗೆ ಇನ್ನೂ ಹೆದರಿಕೆಯಾಯಿತು.

ರೇಸಿನ ದಿನ ಬೆಳಗ್ಗೆ ಅಂಗಳದಲ್ಲಿ ಟೈರು ಕೂರಿಸಲು ಶುರುಮಾಡಿದ. ಟ್ಯೂಬಿಲ್ಲದ ಟೈರು ರಿಮ್ಮಿನ ಅಂಚನ್ನು ತಾನೇ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು. ಸಣ್ಣ ತೂತುಗಳನ್ನು ಮುಚ್ಚಲು ಒಳಗೆ ಹಾಲಿನಂಥ ಅಂಟುದ್ರಾವಣ ಹಾಕಬೇಕು. ದ್ರಾವಣ ಹಾಕಿ ಪಂಪು ಹೊಡೆದ. ಇವನು ತುಂಬಿದ ಗಾಳಿಯೆಲ್ಲ ಇವನ ಮುಖಕ್ಕೇ ಬಂತು. ಇನ್ನೂರು ಸಲ ಒತ್ತಿದ ಮೇಲೆ ಟೈರು ಹಾಗೇ ಸಪ್ಪಗೆ ಮಲಗಿತ್ತು. ಉಬ್ಬಿದ್ದು ಇವನ ಕತ್ತಿನ ನರ ಮಾತ್ರ.

ಮೇಲಿನ ಮನೆಯ ನಿವೃತ್ತ ಬಸ್ ಡ್ರೈವರ್ ಮೆಟ್ಟಿಲಿಳಿದು ಬಂದರು. ಅವರನ್ನು ಬೀದಿಯಲ್ಲೆಲ್ಲ ಡ್ರೈವರ್ ಮಾವ ಎಂದೇ ಕರೆಯುವುದು. "ಮೂವತ್ತು ವರ್ಷ ಆರು ಚಕ್ರದ ಗಾಡಿ ಓಡ್ಸಿದೀನಿ. ಇದ್ಯಾವ ಲೆಕ್ಕ? ಸೋಪಿನ ನೀರು ಹಚ್ಚು."

ಹಚ್ಚಿದ. ಈಗ ಗಾಳಿಯ ಜೊತೆ ಗುಳ್ಳೆಗಳೂ ಬಂದವು.

ಪಕ್ಕದ ಮನೆಯ ಟೈಲರಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು. "ಅಯ್ಯೋ, ಅದಕ್ಕೆ ನಡು ಇಲ್ಲ ಕಣ್ರೀ, ಅದಕ್ಕೇ ನಿಲ್ತಿಲ್ಲ. ಸುತ್ತ ಒಂದು ಪಟ್ಟಿ ಬಿಗೀರಿ, ಅಂಚು ತಾನಾಗೇ ಹೊರಗೆ ಬರುತ್ತೆ." ಬರೀ ಹೇಳಿ ಬಿಡುವ ಹೆಂಗಸಲ್ಲ ಅವರು. ಪಟ್ಟಿ ತಂದು, ಮಂಡಿ ಊರಿ ಕೂತು, ಟೈರಿನ ಸುತ್ತ ತಾವೇ ಬಿಗಿದರು.

"ಈಗ ನನ್ನ ಕಾರಿನ ಗಾಳಿ ಮೆಷಿನ್ ಬಿಡ್ತೀನಿ, ಎಲ್ರೂ ದೂರ ಹೋಗಿ," ಎಂದು ಮಾವ ಕೂಗಿದರು. ಯಾರೂ ದೂರ ಹೋಗುವ ಮೊದಲೇ ಬಿಟ್ಟರು.

ಟಪ್! ಟಪ್! ಪಟಾಕಿಯಂತೆ ಎರಡು ಸದ್ದು. ಟೈರು ಅಂಚಿಗೆ ಭದ್ರವಾಗಿ ಕೂತಿತು. ಆದರೆ ಕೂರುವ ಮೊದಲು ಒಳಗಿದ್ದ ಹಾಲನ್ನು ಒಂದು ಸಲ ಉಗಿದೇ ಕೂತಿತು. ಕನ್ನಡಕದವನ ಕನ್ನಡಕ ಬೆಳ್ಳಗಾಯಿತು. ಟೈಲರಮ್ಮನ ಹಗ್ಗದ ಮೇಲೆ ತೂಗುತ್ತಿದ್ದ ಗಿರಾಕಿಯ ಕಡುನೀಲಿ ಕೋಟಿನ ಮೇಲೆ ನಕ್ಷತ್ರಗಳು ಮೂಡಿದವು.

"ಇದು ಮದುಮಗನ ಕೋಟು!" ಟೈಲರಮ್ಮ ಕಿರುಚಿದರು.

"ಚುಕ್ಕಿ ಚುಕ್ಕಿ ಚೆನ್ನಾಗೇ ಕಾಣ್ಸುತ್ತೆ ಬಿಡಮ್ಮ," ಅಂದರು ಮಾವ.

ಕೋಟು ಉಜ್ಜಿ, ಕ್ಷಮೆ ಕೇಳಿ, ದ್ರಾವಣ ಮತ್ತೆ ತುಂಬಿ, ಎರಡನೆಯ ಚಕ್ರಕ್ಕೂ ಇದೇ ಯುದ್ಧ ಮಾಡಿ ಮುಗಿಸುವಾಗ ಮಧ್ಯಾಹ್ನವಾಗಿತ್ತು. ಚಕ್ರಗಳನ್ನು ಸೈಕಲ್ಲಿಗೆ ಹಾಕಿ ನೋಡಲು ಹೊತ್ತಿತ್ತು. ಆದರೂ ಹಾಕಲಿಲ್ಲ. ಷಡ್ಡಕ ನೋಡುವ ಮೊದಲು ಅವುಗಳಿಗೆ ದೂಳು ಸೋಕಬಾರದು! ಹಾಸಿಗೆಯ ಮೇಲಿದ್ದ ಒಳ್ಳೆಯ ಚಾದರವನ್ನೇ ಎಳೆದು, ಹಸುಗೂಸಿನ ಹಾಗೆ ಸುತ್ತಿದ. ಹಳೆಯ ಚಕ್ರಗಳನ್ನು ಮನೆಯಲ್ಲೇ ಬಿಟ್ಟು, ಚಕ್ರವಿಲ್ಲದ ಸೈಕಲ್ಲನ್ನು ಮಾವನ ಕಾರಿನ ತಲೆಯ ಮೇಲೆ ಕಟ್ಟಿದರು. ಹೆಂಡತಿ ಮುಂದೆ ಕೂತಳು. ಇವನು ಹಿಂದೆ ಕೂತು ಎರಡು ಚಕ್ರಗಳನ್ನೂ ತೊಡೆಯ ಮೇಲಿಟ್ಟುಕೊಂಡ.

ಮೈದಾನದಲ್ಲಿ ಅತ್ತೆ, ಡಾಕ್ಟರ ಹೆಂಡತಿ, ಅವರ ಮಕ್ಕಳು, ಎಂದೂ ಬರದವರೂ ಬಂದಿದ್ದರು. ಕನ್ನಡಕದವನಿಗೆ ಖುಷಿಯೋ ಖುಷಿ. ಎಲ್ಲರ ಎದುರಿಗೆ ಚಾದರ ಬಿಚ್ಚಿದ. ಸುತ್ತ ಜನ ಸೇರಿದರು. ಡಾಕ್ಟರ್ ಬಗ್ಗಿ ನೋಡಿದ, ಉಗುರಿನಿಂದ ತಟ್ಟಿದ.

"ಒಳ ಅಗಲ ಎಷ್ಟಪ್ಪಾ?"

"ಇಪ್ಪತ್ತೆಂಟು," ಅಂದ ಕನ್ನಡಕದವ, ಆಕಾಶ ನೋಡುತ್ತ. "ನಿಮ್ದು ಇಪ್ಪತ್ತಮೂರು ಅಲ್ವಾ ಡಾಕ್ಟ್ರೇ? ಪರವಾಗಿಲ್ಲ, ಅದೂ ಓಡುತ್ತೆ."

ಡಾಕ್ಟರ ಮುಖ ಸಪ್ಪಗಾಯಿತು. ಎರಡು ತಿಂಗಳಿಂದ ಹೊಟ್ಟೆಯಲ್ಲಿ ಉರಿಯುತ್ತಿದ್ದ ಒಲೆಗೆ ಯಾರೋ ಒಂದು ಚೊಂಬು ತಣ್ಣೀರು ಹಾಕಿದಂತಾಯಿತು ಕನ್ನಡಕದವನಿಗೆ. ಶಿಳ್ಳೆ ಹಾಕುತ್ತ ಮುಂದಿನ ಚಕ್ರವನ್ನು ಸೈಕಲ್ಲಿನ ಮುಂಗವಲಿಗೆ, ಅಂದರೆ ಫೋರ್ಕಿನೊಳಗೆ, ತೂರಿಸಿದ.

ಅಚ್ಚು ಸರಿಯಾಗಿ ಕೂತಿತು. ಚಕ್ರ ತಿರುಗಲಿಲ್ಲ.

ಇನ್ನೊಂದು ಸಲ ತೂರಿಸಿದ. ಅಗಲದ ರಿಮ್ಮಿನ ಮೇಲೆ ಟೈರು ಪೂರಿಯ ಹಾಗೆ ಉಬ್ಬಿ, ಫೋರ್ಕಿನ ಎರಡೂ ಕಾಲುಗಳಿಗೆ ಅಂಟಿಕೊಂಡು ನಿಂತಿತ್ತು. ಡಾಕ್ಟರದ್ದು ಜಲ್ಲಿ ಹಾದಿಗೆಂದೇ ಮಾಡಿದ ಗ್ರಾವೆಲ್ ಸೈಕಲ್. ಅದರ ಫೋರ್ಕು ವಿಶಾಲ. ಇವನದು ಸೈಕ್ಲೋಕ್ರಾಸ್; ತೆಳ್ಳನೆ ಟೈರಿಗೆಂದೇ ಮಾಡಿದ ಕಿರಿದಾದ ಫೋರ್ಕು. ಎರಡು ತಿಂಗಳು ಷಡ್ಡಕನ ಸೈಕಲ್ಲಿನ ಇಂಚಿಂಚನ್ನೂ ಅಳೆದವನು ತನ್ನ ಸೈಕಲ್ಲನ್ನು ಒಂದು ಸಲವೂ ಅಳೆದಿರಲಿಲ್ಲ.

"ಅರ ತಂದು ಒಂಚೂರು ಉಜ್ಜಿದ್ರೆ?" ಅಂದರು ಮಾವ.

"ಫೋರ್ಕನ್ನಾ?"

"ಚಕ್ರಾನೂ ಉಜ್ಜಬಹುದು."

ಗಾಳಿ ಇಳಿಸಿ ನೋಡಿದ. ಒದ್ದು ನೋಡಿದ. ಹತ್ತೇ ನಿಮಿಷ ಬಾಕಿ ಎಂದು ಮೈಕಿನಲ್ಲಿ ಕೂಗಿದರು. ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು.

ಆಗ ಹೆಂಡತಿ ಮುಂದೆ ಬಂದು ಅವನ ಕೈಯಿಂದ ಚಕ್ರ ತೆಗೆದುಕೊಂಡಳು.

"ಸಾಕು ರೀ ನಿಮ್ಮ ನಾಟಕ. ಇನ್ನೂ ಎಷ್ಟು ಹೊತ್ತು ಮುಚ್ಚಿಡ್ತೀರಾ?" ಅಂದವಳು ನೇರವಾಗಿ ಡಾಕ್ಟರ ಸೈಕಲ್ಲಿನ ಹತ್ತಿರ ಹೋದಳು. "ಭಾವ, ನಲವತ್ತು ತುಂಬಿತಲ್ಲ ಇವತ್ತು, ಇದು ನಿಮ್ಮ ಹುಟ್ಟುಹಬ್ಬಕ್ಕೆ. ಎರಡು ತಿಂಗಳಿಂದ ಕದ್ದು ಕದ್ದು ನಿಮ್ಮ ಸೈಕಲ್ ಅಳೀತಿದ್ರು. ರಾತ್ರಿ ನಿದ್ದೇಲೂ ನಿಮ್ಮ ಚಕ್ರದ್ದೇ ಮಾತು. ನನಗೆ ಮೊದಲೇ ಗೊತ್ತಾಯ್ತು, ಹೇಳ್ಲಿಲ್ಲ ಅಷ್ಟೇ."

ಕನ್ನಡಕದವ ಬಾಯಿ ತೆರೆದ. ಅಷ್ಟರಲ್ಲಿ ಚಕ್ರ ಡಾಕ್ಟರ ಫೋರ್ಕಿನೊಳಗೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿದು, ಸೊಯ್ಯೆಂದು ತಿರುಗತೊಡಗಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ತಂದವನ ಸೈಕಲ್ಲಿಗೆ ಹಿಡಿಸುವುದೇ ಇಲ್ಲ, ಡಾಕ್ಟರ ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ.

ಡಾಕ್ಟರ್ ಓಡಿಬಂದು ತಬ್ಬಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. "ತಮ್ಮಾ, ನನ್ನನ್ನ ಕ್ಷಮಿಸಿಬಿಡು. ನೀನು ವರಾಂಡದಲ್ಲಿ ಅಳೀತಿರೋದನ್ನ ನಾನೂ ನೋಡಿದ್ದೆ. ಹೊಟ್ಟೆಕಿಚ್ಚು ಪಡ್ತಿದಾನೆ ಅಂದ್ಕೊಂಡಿದ್ದೆ. ಎಂಥಾ ಪಾಪಿ ನಾನು!"

"ಛೆ ಛೆ," ಅಂದ ಕನ್ನಡಕದವ. ಬೇರೇನನ್ನಾದರೂ ಹೇಳುವುದಕ್ಕೆ ಯಾವ ದಾರಿಯೂ ಉಳಿದಿರಲಿಲ್ಲ.

ಅತ್ತೆ ಎದ್ದು ನಿಂತರು. ನಿಜವಾಗಿಯೂ ಅವನಿಗಾಗಿಯೇ ಎದ್ದು ನಿಂತರು. "ನನ್ನ ಕಿರಿ ಅಳಿಯನ ಮನಸ್ಸು ಯಾರಿಗಿದೆ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಬೇಡಿದ್ದು ಸಿಕ್ಕಿತ್ತು, ಸಿಕ್ಕಿದ್ದನ್ನು ಹೇಗೆ ನುಂಗುವುದೆಂದು ತಿಳಿಯದೆ ಅವನು ಹಲ್ಲು ಕಿರಿದು ನಿಂತ.

ರೇಸಿನಲ್ಲಿ ಡಾಕ್ಟರ್ ಎಂದಿಗಿಂತ ಎರಡು ನಿಮಿಷ ಮೊದಲೇ ಬಂದ. ಅಗಲದ ಟೈರು ಕೆಸರಿನಲ್ಲಿ ಜಾರಲೇ ಇಲ್ಲವಂತೆ. ಕನ್ನಡಕದವ ಗೆರೆಯ ಪಕ್ಕದಲ್ಲಿ ನಿಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಬೇಕಾಯಿತು. ಒಂದೇ ಒಂದು ಆಸೆ ಉಳಿದಿತ್ತು: ಡಾಕ್ಟರು ಕಳಚಿಟ್ಟಿದ್ದ ಇಪ್ಪತ್ತಮೂರರ ರಿಮ್ಮು. ಕೇಳುವುದು ಹೇಗೆ ಎಂದು ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಡಾಕ್ಟರೇ ಮಾತೆತ್ತಿದ. "ನಮ್ಮ ತಮ್ಮನನ್ನ ನೋಡಿ ನನಗೂ ಕೊಡೋ ಬುದ್ಧಿ ಬಂತು. ಈ ಹಳೇ ಚಕ್ರ ನಂಗ್ಯಾಕೆ? ಡ್ರೈವರ್ ಮಾವ, ಬೆಳಗ್ಗೆಯಿಂದ ನೀವು ಎಷ್ಟು ಕಷ್ಟಪಟ್ಟಿದೀರಿ. ನಿಮಗೇ ಇರ್ಲಿ."

ವಾಪಸ್ಸು ಬರುವಾಗ ಚಾದರದೊಳಗೆ ಮಾವನ ಚಕ್ರಗಳಿದ್ದವು. ಹಿಡಿದು ಕೂತವನು ಕನ್ನಡಕದವನೇ.

"ಮಾವ, ನಿಮ್ಮ ಹತ್ರ ಸೈಕಲ್ಲೇ ಇಲ್ವಲ್ಲ?" ಕೇಳಿಯೇಬಿಟ್ಟ.

"ಇಲ್ಲ." ಮಾವ ಕನ್ನಡಿಯಲ್ಲಿ ಅವನನ್ನು ನೋಡಿದರು. "ಆದ್ರೆ ಮೈದಾನದಲ್ಲೇ ನಿನ್ನ ಸೈಕಲ್ಲಿಗೆ ಹಾಕಿ ನೋಡ್ದೆ ಕಣಪ್ಪ. ಎಷ್ಟು ಚೆನ್ನಾಗಿ ಕೂತ್ಕೊಳ್ತು ಗೊತ್ತಾ!"

ಹೆಂಡತಿ ಹಿಂದೆ ತಿರುಗಿ, ಮದುವೆಯಾದಾಗಿನಿಂದ ಎಂದೂ ನೋಡದಷ್ಟು ಹೆಮ್ಮೆಯಿಂದ ಗಂಡನನ್ನು ನೋಡಿದಳು.

"ಅದಕ್ಕೇನಂತೆ ಮಾವ, ಸೈಕಲ್ಲೂ ತಗೊಂಡ್ಹೋಗಿ," ಅಂದಳು. "ಇವರು ಇಲ್ಲ ಅಂತಾರಾ?"